ನಾನು ಕೆಡವಿದ ವಿಶ್ವ ಚಾಂಪಿಯನ್

ದೊಡ್ಡ ಪಾಪ ಮಾಡುವುದಕ್ಕೂ ಒಂದು ಯೋಗ್ಯತೆ ಬೇಕು. ಕೊಲೆ, ದರೋಡೆ, ದೇವರ ಒಡವೆ ಕದಿಯುವುದು ಇವೆಲ್ಲ ಎಸ್ಸೆಸ್ಸೆಲ್ಸಿಯನ್ನು ಎರಡನೆಯ ಸಲಕ್ಕೆ ಪಾಸು ಮಾಡಿದ ನನ್ನಂಥವನ ಕೈಗೆ ಎಟುಕುವ ಕೆಲಸಗಳಲ್ಲ. ನನ್ನ ಪಾಲಿಗೆ ಬಂದವೆಲ್ಲ ಚಿಲ್ಲರೆ ಪಾಪಗಳು. ಪಕ್ಕದ ಮನೆಯವರು ಸೀರೆ ಒಣಹಾಕುವ ತಂತಿಗೆ ಅವರಿಗೆ ತಿಳಿಯದಂತೆ ನನ್ನ ರೇಡಿಯೋದ ಏರಿಯಲ್ ಗಂಟು ಹಾಕಿದ್ದು, ಅವರು ಒದ್ದೆ ಸೀರೆ ಹಾಕಿದ ದಿನ ವಾರ್ತೆ ಸರಿಯಾಗಿ ಕೇಳಿಸದೆ ಅವರನ್ನೇ ಬೈದುಕೊಂಡದ್ದು, ಬರೀ ಶೆಲ್ಲು ಮುಗಿದ ರೇಡಿಯೋ ತಂದವರಿಗೆ ‘ಒಳಗೆ ದೊಡ್ಡ ರಿಪೇರಿ ಇದೆ, ನಾಡಿದ್ದು ಬನ್ನಿ’ ಅಂದದ್ದು, ಹೀಗೆ. ಇವನ್ನು ಯಮಧರ್ಮನ ಮುಂದೆ ಒಂದೊಂದಾಗಿ ಒಪ್ಪಿಕೊಳ್ಳುತ್ತ ಹೋದರೆ ಅವನಿಗೂ ಆಕಳಿಕೆ ಬಂದೀತು. ಆದರೆ ಒಂದು ಮಾತ್ರ ಅವನು ನೆಟ್ಟಗೆ ಕೂತು ಕೇಳುವಂಥದ್ದಿದೆ. ಕೈಗೆ ಗ್ಲೌಸು ತೊಡದೆ, ಕೂತಲ್ಲಿಂದ ಏಳದೆ, ಬಾಯಲ್ಲಿ ಎಲೆಯಡಿಕೆ ಇದ್ದ ಹಾಗೆಯೇ ನಾನು ಬಾಕ್ಸಿಂಗಿನ ಒಬ್ಬ ವಿಶ್ವ ಚಾಂಪಿಯನ್ನನನ್ನು ನೆಲಕ್ಕೆ ಕೆಡವಿದ್ದೇನೆ. ಅವನು ಬಿದ್ದ ಸುದ್ದಿ ಮಧುಗಿರಿ ತಾಲ್ಲೂಕು ಬಿಟ್ಟು ಜಗತ್ತಿನ ಬೇರೆ ಯಾವ ಭಾಗಕ್ಕೂ ತಲುಪಲಿಲ್ಲ. ಪಾಪ, ಅವನಿಗೂ ತಲುಪಿರಲಾರದು.

ಎಪ್ಪತ್ತರ ದಶಕದಲ್ಲಿ ಮಧುಗಿರಿಯ ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ರೇಡಿಯೋ ರಿಪೇರಿ ಅಂಗಡಿ ಇತ್ತು. ಅಂಗಡಿ ಅಂದರೆ ಒಂದು ಮೇಜು, ಒಂದು ಬೆಸುಗೆ ಕಡ್ಡಿ, ಹೊಟ್ಟೆ ಬಗೆದ ಹತ್ತು ಹನ್ನೆರಡು ರೇಡಿಯೋಗಳು, ಮತ್ತು ಮುಂದಿನ ಜಗಲಿಯಲ್ಲಿ ಒಂದು ಬೆಂಚು. ಆ ಜಗಲಿಯ ಇನ್ನರ್ಧದಲ್ಲಿ ಸಿರಾ ಕಡೆಯಿಂದ ಬಂದ ದರ್ಜಿ ಬಾಷಾ ಸಾಬರು ಹೊಲಿಗೆ ಮೆಷಿನ್ನು ಇಟ್ಟುಕೊಂಡು, ಬೆಂಚಿನ ತುದಿಯಲ್ಲೇ ಕೂತು ಹೊಲಿಯುತ್ತಿದ್ದರು. ಪಕ್ಕದಲ್ಲಿ ಪಾವಗಡದ ನರಸಿಂಹಲು ಎಂಬಾತನ ಟೀ ಅಂಗಡಿ. ಬೆಂಚಿಗೆ ಬರುವವರು ಬಹಳ, ಕೂತರೆ ಏಳದವನು ಒಬ್ಬನೇ: ಸಣ್ಣೀರಣ್ಣ. ಚನ್ನರಾಯನದುರ್ಗದ ಕಡೆಯ ಹಟ್ಟಿಯ ಕುರಿಗಾರ. ಸುಗ್ಗಿ ಮುಗಿದ ಮೇಲೆ ಮಧುಗಿರಿ ಸುತ್ತಲಿನ ಹೊಲಗಳಲ್ಲಿ ಗೊಬ್ಬರಕ್ಕೆಂದು ಅವನ ಮಂದೆ ನಿಲ್ಲಿಸುತ್ತಿದ್ದರು. ಮಂದೆಯನ್ನು ಭಾಮೈದನಿಗೆ ಒಪ್ಪಿಸಿ, ಹೆಗಲಿಗೆ ಕಂಬಳಿ, ಕೊರಳಿಗೆ ಟ್ರಾನ್ಸಿಸ್ಟರು ನೇತುಹಾಕಿಕೊಂಡು ಇವನು ಬೆಳಿಗ್ಗೆಯೇ ಬೆಂಚಿಗೆ ಹಾಜರು. ಮೊದಲ ಸಲ ಅವನ ಟ್ರಾನ್ಸಿಸ್ಟರು ಬಿಚ್ಚಿದಾಗ ಮುಳ್ಳು ತಿರುಗಿಸುವ ದಾರಕ್ಕೆ ಕುರಿಯ ಉಣ್ಣೆ ಸುತ್ತಿಕೊಂಡು, ಮುಳ್ಳು ಯಾವ ಸ್ಟೇಷನ್ನಿಗೂ ಹೋಗದೆ ನಡುವೆ ನಿಂತುಬಿಟ್ಟಿತ್ತು. ನಾನು ಉಣ್ಣೆ ತೆಗೆದುಕೊಟ್ಟೆ. ಅವನು ಅದನ್ನು ಬೆರಳಲ್ಲಿ ಹೊಸೆದು ನೋಡಿ, “ಇದು ನಮ್ಮ ಕರಿ ಮರೀದು ಕಣ್ಲಾ ಮಗ. ಅದ್ಕೂ ಹಾಡು ಕೇಳೋ ಚಪ್ಲ” ಅಂದ. ಅವತ್ತಿನಿಂದ ನಾವು ಸ್ನೇಹಿತರು.

ನಮ್ಮ ಜಗಲಿಗೆ ಬಾಕ್ಸಿಂಗ್ ಬಂದದ್ದು ಗಾಳಿಯ ಮೂಲಕ. ಒಂದು ದಿನ ಯಾರದೋ ರೇಡಿಯೋ ರಿಪೇರಿಯಾಗಿದೆಯೇ ಎಂದು ಶಾರ್ಟ್ ವೇವ್ ತಿರುಗಿಸಿ ನೋಡುತ್ತಿದ್ದೆ. ಒಬ್ಬ ಇಂಗ್ಲಿಷಿನವನು ಉಸಿರು ಬಿಡದೆ ಕೂಗುತ್ತಿದ್ದ. ಹಿಂದೆ ಸಮುದ್ರ ಮೊರೆದಂತೆ ಜನ. ಬಾಷಾ ಸಾಬರು ಮೆಷಿನ್ನು ನಿಲ್ಲಿಸಿ, “ಕ್ಯಾ ಹೈ ಬೇಟಾ, ಎಲ್ಲಾದ್ರೂ ಬೆಂಕಿ ಬಿತ್ತಾ?” ಅಂದರು. ನಾನು ಕಿವಿಗೊಟ್ಟೆ. ರೌಂಡ್, ಲೆಫ್ಟ್, ರೈಟ್ ಎಂಬ ಮೂರು ಪದ ಗೊತ್ತಾದವು. ಬೆಂಕಿ ಆರಿಸುವವರು ಇಷ್ಟು ಎಡ ಬಲ ಅನ್ನಲಾರರು ಎಂದು ಊಹಿಸಿ, “ಬಾಕ್ಸಿಂಗ್” ಅಂದೆ. “ಏನಂತೆ?” ಅಂದ ಸಣ್ಣೀರಣ್ಣ. ಅಲ್ಲಿಗೆ ನನ್ನ ಪತನ ಶುರುವಾಯಿತು. ಇಂಗ್ಲಿಷಿನಲ್ಲಿ ನನಗೆ ಬಂದದ್ದು ಮೂವತ್ತೈದು ನಂಬರು, ಅದರಲ್ಲೂ ಒಂದೆರಡು ಮೇಷ್ಟರ ದಯೆ. ಆದರೆ ಆ ಜಗಲಿಯಲ್ಲಿ ಮೂವತ್ತೈದು ಬಂದವನು ನಾನೊಬ್ಬನೇ. “ಎಡಗೈಲಿ ಒಂದು ಕೊಟ್ಟ. ಇವನು ತಲೆ ತಗ್ಗಿಸಿದ. ಬಲಗೈ ಎತ್ತಿದ...” ಎಂದು ಶುರುಮಾಡಿದೆ. ನರಸಿಂಹಲು ಟೀ ಸೋಸುವುದನ್ನು ಬಿಟ್ಟು ಓಡಿಬಂದ. ಆ ಪಂದ್ಯವನ್ನು ನಾನು ಎಷ್ಟು ಚೆನ್ನಾಗಿ ಆಡಿಸಿದೆನೆಂದರೆ, ಮುಗಿದ ಮೇಲೆ ನನಗೇ ಬೆವರು ಬಂದಿತ್ತು.

ಅಲ್ಲಿಂದ ಮುಂದೆ ‘ಎಲ್ಲ ಕಾಲಕ್ಕೂ ದೊಡ್ಡ ಬಾಕ್ಸರ್ ಯಾರು’ ಎಂಬುದು ನಮ್ಮ ಜಗಲಿಯ ಮುಖ್ಯ ಕೆಲಸವಾಯಿತು. ಬಾಷಾ ಸಾಬರು ಬಟ್ಟೆ ಕತ್ತರಿಸುವ ಮೊದಲು ಅಳತೆಯನ್ನು ಹಳೆಯ ಇಂಗ್ಲಿಷ್ ಪೇಪರಿನಲ್ಲಿ ಕತ್ತರಿಸಿ ಇಟ್ಟುಕೊಳ್ಳುತ್ತಿದ್ದರು. ಆ ಪೇಪರುಗಳಲ್ಲಿ ಆಗಾಗ ಬಾಕ್ಸರುಗಳ ಫೋಟೋ ಸಿಗುತ್ತಿತ್ತು. ನಮ್ಮ ಸಂಗ್ರಹದ ಮುಕ್ಕಾಲು ವೀರರಿಗೆ ಒಂದು ಭುಜ ಇರಲಿಲ್ಲ, ಯಾರದೋ ರವಿಕೆಯ ತೋಳಿಗೆ ಹೋಗಿತ್ತು. ಅವರ ನಿಜ ಹೆಸರುಗಳನ್ನು ನಾನಿಲ್ಲಿ ಬರೆಯುವುದಿಲ್ಲ. ಅವರ ವಿಷಯವಾಗಿ ನಾವು ಆಡಿದ್ದರಲ್ಲಿ ಬಹುಭಾಗ ನಾನೇ ಹುಟ್ಟಿಸಿದ್ದು. ಅದನ್ನು ಆ ಪುಣ್ಯಾತ್ಮರ ತಲೆಗೆ ಕಟ್ಟುವುದು ಸರಿಯಲ್ಲ. ನಮ್ಮಲ್ಲಿ ಅವರಿಗೆ ಬೇರೆ ನಾಮಕರಣವಾಗಿತ್ತು. ಒಂದೇ ಕಡೆ ನಿಲ್ಲದೆ ಕುಣಿಯುತ್ತ ಹೊಡೆಯುವವನು ‘ಕುಣಿಯೋನು’. ಬಂಡೆಯ ಹಾಗೆ ನಿಂತು ಎದುರಾಳಿಯನ್ನು ಮಲಗಿಸುವವನು ‘ಗುಂಡುಕಲ್ಲು’. ನಮ್ಮಪ್ಪನ ಕಾಲದಲ್ಲಿ ಆಡಿ, ಒಂದೂ ಸೋಲದೆ ನಿವೃತ್ತನಾದವನೊಬ್ಬನಿದ್ದ, ಅವನು ‘ಪಿಂಚಣಿದಾರ’.

ದೊಡ್ಡವನು ಅಂದರೆ ಏನು ಎಂಬುದೇ ಮೊದಲು ತೀರ್ಮಾನವಾಗಬೇಕಲ್ಲ. ಈಗ ನೆನೆದರೂ ಆ ಪ್ರಶ್ನೆ ನನ್ನನ್ನು ಬಿಡುವುದಿಲ್ಲ. ನಲವತ್ತು ವರ್ಷ ಹಿಂದೆ ಆಡಿದವನನ್ನೂ ಇವತ್ತು ಆಡುವವನನ್ನೂ ಯಾವ ತಕ್ಕಡಿಯಲ್ಲಿ ಇಡುವುದು? ಗೆದ್ದದ್ದನ್ನು ಎಣಿಸಬೇಕೋ, ಯಾರನ್ನು ಗೆದ್ದ ಎಂದು ಕೇಳಬೇಕೋ? ಬೀಳದವನು ದೊಡ್ಡವನೋ, ಬಿದ್ದು ಎದ್ದವನೋ? ಬಾಷಾ ಸಾಬರಿಗೆ ಇದೆಲ್ಲ ಗೊಂದಲವೇ ಅಲ್ಲ. ಕೊರಳಿನ ಟೇಪು ತೆಗೆದು ಫೋಟೋದ ಮೇಲೆ ಇಟ್ಟು, “ಎದೆ ನೋಡು, ತೋಳು ನೋಡು. ಗುಂಡುಕಲ್ಲಿಗೆ ಒಂದು ಅಂಗಿ ಹೊಲಿಯೋದಕ್ಕೆ ನಾಲ್ಕು ಗಜ ಬಟ್ಟೆ ಬೇಕು. ಕುಣಿಯೋನಿಗೆ ಎರಡೂವರೆ ಸಾಕು. ನಾಲ್ಕು ಗಜದವನ ಮುಂದೆ ಎರಡೂವರೆ ಗಜದವನು ಏನು ಮಾಡ್ತಾನೆ?” ಅನ್ನುತ್ತಿದ್ದರು. ಅದಕ್ಕೆ ಸಣ್ಣೀರಣ್ಣ, “ಗಜ ನೋಡಿ ಗೆಲ್ಲಂಗಿದ್ರೆ ಊರಲ್ಲಿರೋ ಎಮ್ಮೆಗಳೆಲ್ಲ ಚಾಂಪಿಯನ್ನೇ ಸಾಬ್ರೇ” ಅನ್ನುತ್ತಿದ್ದ. ಕುಣಿಯೋನು ಹಿಂದಕ್ಕೆ ಹಿಂದಕ್ಕೆ ಹೋಗುತ್ತಾನೆ, ಅವನು ಪುಕ್ಕಲ ಎಂಬುದು ಸಾಬರ ವಾದ. ಸಣ್ಣೀರಣ್ಣನಿಗೆ ಅದನ್ನು ಕೇಳಿದರೆ ಎಲ್ಲಿಲ್ಲದ ಸಿಟ್ಟು. “ಟಗರು ಕಾಳಗ ನೋಡಿದೀರಾ? ಟಗರು ಹಿಂದುಕ್ಕೋದ್ರೆ ಹೆದರ್ಕೊಂಡ್ತು ಅಂತಲ್ಲ. ಜಾಗ ಮಾಡ್ಕೊಂತದೆ. ಹತ್ತೆಜ್ಜೆ ಹಿಂದುಕ್ಕೋದ ಟಗರು ಬಂದು ಗುದ್ದಿದ್ರೆ ನಿಮ್ ಗುಂಡುಕಲ್ಲು ಎಲ್ಡು ಹೋಳಾಯ್ತದೆ ಬುಡಿ.”

ತೆಲುಗು ಬೆರೆಸಿ ಮಾತಾಡುವ ನರಸಿಂಹಲುಗೆ ಎಲ್ಲರೂ ದೊಡ್ಡವರೇ. “ಅಂದರೂ ಗೊಪ್ಪೋಳ್ಳೇ ಸಾಮೀ. ನೀವು ಮಾತ್ರ ಟೀ ಕುಡಿಯೋದು ನಿಲ್ಲಿಸಬೇಡಿ” ಅನ್ನುತ್ತಿದ್ದ. ಮನೆಯಲ್ಲಿ ನಾನು ಈ ವಿಷಯ ಎತ್ತಿದಾಗ ನನ್ನ ಹೆಂಡತಿ ರೊಟ್ಟಿ ತಟ್ಟುತ್ತ, “ಆ ಪಿಂಚಣಿದಾರ ಅಂತೀರಲ್ಲ, ಅವನೇ ದೊಡ್ಡವನು. ಮೂಗು ಮುಖ ನೆಟ್ಟಗಿಟ್ಟುಕೊಂಡು ಮನೆ ಸೇರಿದ್ದಾನೆ. ಅವನ ಹೆಂಡತಿ ಪುಣ್ಯವಂತೆ” ಅಂದಳು. ಮೂಗು ಮುಖ ನೆಟ್ಟಗಿದ್ದೂ ತಾನೇಕೆ ಪುಣ್ಯವಂತೆಯಲ್ಲ ಎಂಬುದನ್ನು ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ.

ಈ ಎಲ್ಲ ವಾದಕ್ಕೂ ನಾನೇ ಜಡ್ಜಿ. ಯಾರು ಯಾರನ್ನು ಯಾವ ಸುತ್ತಿನಲ್ಲಿ ಹೊಡೆದ ಎಂದು ಕೇಳಿದರೆ ಸಾಕು, ಕಣ್ಣು ಅರ್ಧ ಮುಚ್ಚಿ ಹೇಳಿಬಿಡುತ್ತಿದ್ದೆ. ಒಮ್ಮೆ ಹೇಳಿದ್ದು ಇನ್ನೊಮ್ಮೆ ಬೇರೆಯಾಗಿ ಬಂದರೆ, “ಅದು ಬೇರೆ ಪಂದ್ಯ” ಅಂದರೆ ಮುಗಿಯಿತು. ಆದರೆ ಸಣ್ಣೀರಣ್ಣ ಕುರಿ ಎಣಿಸುವವನು. ಅವನ ಲೆಕ್ಕಕ್ಕೆ ಸಿಗದೆ ಏನೂ ದಾಟುತ್ತಿರಲಿಲ್ಲ. ಒಂದು ದಿನ ರೇಡಿಯೋದವನು ಒಂದೇ ಉಸಿರಿಗೆ ಮಾರುದ್ದ ಮಾತಾಡಿದ. “ಏನಂದ?” ಅಂದ ಸಣ್ಣೀರಣ್ಣ. “ಹೊಡೆದ” ಅಂದೆ. ಅವನು ನನ್ನ ಮುಖವನ್ನೇ ನೋಡಿದ. “ಅಲ್ಲ ಕಣ್ಲಾ ಮಗ, ಆವಯ್ಯ ಅಷ್ಟುದ್ದ ಮಾತಾಡ್ದ, ನೀನು ಒಂದೇ ಮಾತು ಹೇಳ್ದೆ. ಮಿಕ್ಕಿದ್ದು ಎಲ್ಲೋಯ್ತು? ನಿಂಗೆ ಇಂಗ್ಲೀಸು ಬತ್ತದಾ ಇಲ್ಲಾ?” ಜಗಲಿಯಲ್ಲಿ ಏಳೆಂಟು ಜನರಿದ್ದರು. ಎಲ್ಲರೂ ನಕ್ಕರು. ಸಣ್ಣೀರಣ್ಣನೂ ನಕ್ಕ, ಕೆಟ್ಟ ಮನಸ್ಸಿಂದೇನೂ ಅಲ್ಲ. ನಾನೂ ನಕ್ಕೆ. ಆದರೆ ನನ್ನ ನಗು ಹಲ್ಲಿನಿಂದ ಒಳಗೆ ಇಳಿಯಲಿಲ್ಲ. ಮೂವತ್ತು ದಾಟದ ಪ್ರಾಯ. ಇಡೀ ಊರಿನಲ್ಲಿ ನನಗಿದ್ದ ಒಂದೇ ಒಂದು ಗೌರವಕ್ಕೆ ಈ ಕುರಿಗಾರ ಕೈಹಾಕಿದನಲ್ಲ ಎಂದು ವಾರವಿಡೀ ಕುದಿದೆ.

ಅಷ್ಟರಲ್ಲಿ ಕುಣಿಯೋನಿಗೂ ಗುಂಡುಕಲ್ಲಿಗೂ ಎಲ್ಲೋ ದೂರದ ದೇಶದಲ್ಲಿ ವಿಶ್ವ ಚಾಂಪಿಯನ್ ಪಟ್ಟಕ್ಕೆ ಹದಿನೈದು ಸುತ್ತಿನ ಪಂದ್ಯವೆಂದು ಸುದ್ದಿ ಬಂತು. ಜಗಲಿಯ ವಾದ ಆಕಾಶಕ್ಕೇರಿತು. ಇನ್ನು ಟೇಪು ಬೇಡ, ಟಗರೂ ಬೇಡ, ಯಾರು ಗೆಲ್ಲುತ್ತಾನೋ ಅವನೇ ಎಲ್ಲ ಕಾಲಕ್ಕೂ ದೊಡ್ಡವನು ಎಂದು ಇಬ್ಬರೂ ಒಪ್ಪಿದರು. ಒಪ್ಪಿ ಸುಮ್ಮನಿದ್ದರೆ ಈ ಪ್ರಬಂಧ ಹುಟ್ಟುತ್ತಿರಲಿಲ್ಲ. ಮಾತಿಗೆ ಮಾತು ಬೆಳೆದು ಸಣ್ಣೀರಣ್ಣ, “ನಮ್ಮೋನು ಸೋತ್ರೆ ಈ ಬೆಂಚಿನ ಮ್ಯಾಲೆ ಇನ್ನು ನಾನು ಕುಂತ್ಕಳಕಿಲ್ಲ” ಅಂದುಬಿಟ್ಟ. ಬಾಷಾ ಸಾಬರು ಬಿಡುತ್ತಾರೆಯೇ? “ನಮ್ಮವನು ಸೋತ್ರೆ ನಾನು ಕೂರಲ್ಲ, ಖುದಾ ಕಸಂ” ಅಂದರು. ನಾನು ಮಧ್ಯೆ ಹೋಗಬಹುದಿತ್ತು. ಮೂರು ಮೊಳದ ಬೆಂಚಿಗೆ ಇಷ್ಟು ಮಹತ್ವ ಬಂದದ್ದು ನೋಡಿ ಅಂಗಡಿಯ ಯಜಮಾನನಿಗೆ ಹೆಮ್ಮೆಯಾಯಿತೇ ಹೊರತು ಬೇರೇನೂ ತೋಚಲಿಲ್ಲ. ಸಣ್ಣೀರಣ್ಣನಿಗೆ ಹೆಂಡತಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಹೊಲದಿಂದ ಹೊಲಕ್ಕೆ ಕುರಿಯ ಹಿಂದೆ ತಿರುಗುವವನಿಗೆ ಮಾತಾಡಲು ಸಿಗುತ್ತಿದ್ದದ್ದು ಈ ಒಂದು ಬೆಂಚು ಎಂಬುದು ನನಗೆ ಗೊತ್ತಿತ್ತು. ಆ ಹೊತ್ತಿನಲ್ಲಿ ನೆನಪಾಗಲಿಲ್ಲ.

ಪಂದ್ಯದ ದಿನ ಬೆಳಿಗ್ಗೆ ಎಂಟಕ್ಕೆಲ್ಲ ಜಗಲಿ ತುಂಬಿತ್ತು. ನನ್ನಲ್ಲಿದ್ದ ದೊಡ್ಡ ರೇಡಿಯೋ ಹೊರಗಿಟ್ಟು, ಪಕ್ಕದ ಮನೆಯವರನ್ನು ಬೇಡಿಕೊಂಡು ಸೀರೆಗಳನ್ನು ತೆಗೆಸಿದ್ದೆ. ಕುಣಿಯೋನ ಕಡೆಯವರು ಬಲಕ್ಕೆ, ಗುಂಡುಕಲ್ಲಿನ ಕಡೆಯವರು ಎಡಕ್ಕೆ. ಒಂದೊಂದು ಸುತ್ತಿನ ಗಂಟೆಗೂ ಸಣ್ಣೀರಣ್ಣ ಒಂದೊಂದು ಹುಣಸೆ ಬೀಜ ಬೆಂಚಿನ ಮೇಲೆ ಇಡುತ್ತಿದ್ದ. ನಾನು ಇಬ್ಬರಿಗೂ ಅನ್ಯಾಯವಾಗದಂತೆ ಏಟುಗಳನ್ನು ಹಂಚುತ್ತ ಬಂದೆ. ಒಂಬತ್ತನೇ ಬೀಜ ಇಟ್ಟದ್ದೇ ತಡ, ರೇಡಿಯೋ ಕೊರಕೊರ ಎನ್ನತೊಡಗಿತು. ಒಗ್ಗರಣೆ ಹಾಕಿದಂತೆ ಸದ್ದು. ಅದರೊಳಗಿಂದ ಆ ಇಂಗ್ಲಿಷಿನವನು ‘ಡೌನ್, ಡೌನ್’ ಎಂದು ಕಿರುಚಿದ್ದು, ಆಮೇಲೆ ಎಣಿಸಿದ್ದು, ಆಮೇಲೆ ಜನ ಮೊರೆದದ್ದು. ಯಾರೋ ಬಿದ್ದಿದ್ದ. ಎದ್ದಿರಲಿಲ್ಲ. ಯಾರೆಂದು ದೇವರಾಣೆಗೂ ಗೊತ್ತಾಗಲಿಲ್ಲ. ಅಷ್ಟರಲ್ಲಿ ಸ್ಟೇಷನ್ನೇ ಮುಳುಗಿಹೋಯಿತು.

ಜಗಲಿ ಪೂರ್ತಿ ನನ್ನ ಬಾಯಿ ನೋಡುತ್ತಿತ್ತು. ತಿಳಿಯಲಿಲ್ಲ ಅಂದಿದ್ದರೆ ಏನಾಗುತ್ತಿತ್ತು? ಎರಡು ದಿನ ಪೇಪರಿಗೆ ಕಾಯುತ್ತಿದ್ದರು, ಅಷ್ಟೆ. ಆದರೆ ಅಂಥ ಹೊತ್ತಿನಲ್ಲಿ ಸಣ್ಣೀರಣ್ಣ, “ಏನಾಯ್ತಲಾ? ಈ ಸಲನಾದ್ರೂ ಅರ್ಥ ಆಯ್ತಾ?” ಅಂದ. ಆ ‘ಈ ಸಲನಾದ್ರೂ’ ಎಂಬುದು ನನ್ನ ಬೆನ್ನಿಗೆ ಚುಚ್ಚಿತು. ಬಾಯಿಂದ ಮಾತು ತಾನಾಗಿ ಹೊರಬಿತ್ತು. “ಕುಣಿಯೋನು ಬಿದ್ದ. ಏಳಲಿಲ್ಲ. ಗುಂಡುಕಲ್ಲು ಗೆದ್ದ.”

ಎಡಗಡೆಯವರು ಕುಣಿದರು. ಬಾಷಾ ಸಾಬರು ಟೇಪನ್ನು ಗಾಳಿಯಲ್ಲಿ ಬೀಸಿದರು. ಸಣ್ಣೀರಣ್ಣ ಹೆಗಲ ಕಂಬಳಿ ತೆಗೆದ. ಅವರ ಜನರಲ್ಲಿ ಕಂಬಳಿಯೇ ಗದ್ದುಗೆ. ಮದುವೆಯ ಮಾತಿರಲಿ, ಜಗಳದ ನ್ಯಾಯವಿರಲಿ, ಕಂಬಳಿ ಹಾಸಿ ಕೂತು ಆಡಿದರೆ ಅದೇ ಕೊನೆ. ಅದರ ಮೇಲೆ ಕೂತವನು ಸುಳ್ಳಾಡಬಾರದು, ಕೇಳಿದವನು ಮರುಮಾತಾಡಬಾರದು. ಬಾಕ್ಸಿಂಗಿಗಾಗಿ ಕಂಬಳಿ ಹಾಸಿದ್ದು ಲೋಕದಲ್ಲಿ ಅದೇ ಮೊದಲಿರಬೇಕು. ಕಲ್ಲು ಕಡ್ಡಿ ಗುಡಿಸಿ, ನಾಲ್ಕು ಮೂಲೆ ಎಳೆದು ಹಾಸಿ, “ಕುಂತ್ಕ ಮಗ. ಕುಂತು ಇನ್ನೊಂದ್ ಸಲ ಹೇಳು” ಅಂದ. ಧ್ವನಿಯಲ್ಲಿ ಸಿಟ್ಟಿರಲಿಲ್ಲ. ನಾನು ಚಪ್ಪಲಿ ಬಿಟ್ಟು ಕೂತೆ. ಕಂಬಳಿ ಚುಚ್ಚುತ್ತಿತ್ತು. ಈಗಲೂ ಹಿಂದೆ ಸರಿಯಬಹುದಿತ್ತು. ಎದುರಿಗೆ ಅಷ್ಟು ಜನ, ಎಲ್ಲರ ಕಣ್ಣಲ್ಲೂ ನಾನು ಇಂಗ್ಲಿಷ್ ಬಲ್ಲವನು. “ಕುಣಿಯೋನು ಸೋತ” ಅಂದೆ.

ಸಣ್ಣೀರಣ್ಣ ತಲೆಯಾಡಿಸಿದ. ನಾನು ಎದ್ದ ಮೇಲೆ ಕಂಬಳಿ ಕೊಡವಿ ಮಡಿಸಿದ. ಬೆಂಚಿನ ಮೇಲಿದ್ದ ಒಂಬತ್ತು ಬೀಜಗಳನ್ನು ಒಂದು ಕಡೆ ಸರಿಸಿಟ್ಟು, ಬಾಷಾ ಸಾಬರಿಗೆ, “ನಿಮ್ಮೋನು ದೊಡ್ಡೋನು ಸಾಬ್ರೇ” ಅಂದ. ನರಸಿಂಹಲು ಟೀ ಲೋಟ ಹಿಡಿದು ಬಂದವನು ಹಾಗೇ ನಿಂತ. ಸಣ್ಣೀರಣ್ಣ ಜಗಲಿ ಇಳಿದು ಹೋದ. ಮಾರನೇ ದಿನ ಬರಲಿಲ್ಲ. ಆ ವಾರ ಬರಲಿಲ್ಲ. ಮುಂದಿನ ಸುಗ್ಗಿಗೆ ಅವನ ಮಂದೆ ಊರ ಹೊರಗೆ ನಿಂತದ್ದು ಕಂಡಿತು. ಕೊರಳಿನ ಟ್ರಾನ್ಸಿಸ್ಟರಿನ ಸಮೇತ ಅವನು ನಮ್ಮ ರಸ್ತೆ ಬಿಟ್ಟು ಸಂತೆಯ ಕಡೆಯಿಂದ ಬಳಸಿಕೊಂಡು ಹೋದ.

ಪಂದ್ಯ ಮುಗಿದ ಮೂರನೇ ದಿನವೇ ನನಗೆ ಸತ್ಯ ಗೊತ್ತಾಗಿತ್ತು. ಬಾಷಾ ಸಾಬರು ನಮಾಜಿಗೆ ಹೋಗಿದ್ದಾಗ ಅವರ ಮೆಷಿನ್ನಿನ ಮೇಲೆ ಹೊಸದಾಗಿ ಬಂದ ಪೇಪರಿತ್ತು. ಫೋಟೋದಲ್ಲಿ ಕುಣಿಯೋನು ಎರಡೂ ಕೈ ಎತ್ತಿ ನಿಂತಿದ್ದಾನೆ. ನಾಲ್ಕು ಗಜದ ಗುಂಡುಕಲ್ಲು ಅಂಗಾತ ಬಿದ್ದಿದೆ. ನಾನು ಆ ಪುಟವನ್ನು ಮಡಿಸಿ ಜೇಬಿಗೆ ಹಾಕಿಕೊಂಡೆ. ಜಗಲಿಗೆ ಬರುತ್ತಿದ್ದ ಪೇಪರು ಅದೊಂದೇ, ಕಂಬಳಿಯ ಮೇಲೆ ಆಡಿದ್ದನ್ನು ಮತ್ತೆ ಕೆದಕುವವರೂ ಯಾರಿರಲಿಲ್ಲ. ಮೊದಲನೆಯದು ಸಿಟ್ಟಿನಲ್ಲಿ ಮಾಡಿದ ಪಾಪವಾದರೆ ಇದು ಸಮಾಧಾನವಾಗಿ ಯೋಚಿಸಿ ಮಾಡಿದ್ದು. ಯೋಚನೆ ಇಷ್ಟೇ: ನಿಜ ಹೇಳಿದರೆ ಸಣ್ಣೀರಣ್ಣ ಬೆಂಚಿಗೆ ಬರುತ್ತಾನೆ, ಕೊಟ್ಟ ಮಾತಿನಂತೆ ಬಾಷಾ ಸಾಬರು ಎದ್ದು ಹೋಗಬೇಕಾಗುತ್ತದೆ. ಒಬ್ಬರಂತೂ ಹೋಗಲೇಬೇಕು, ಹೋದವನೇ ಹೋಗಿರಲಿ. ತಪ್ಪು ಮಾಡಿದವನಿಗೆ ತರ್ಕ ಎಷ್ಟು ಬೇಗ ಒಲಿಯುತ್ತದೆ ನೋಡಿ.

ಗೆದ್ದ ಬಾಷಾ ಸಾಬರಿಗಾದರೂ ಸುಖವಿತ್ತೇ? ಒಂದು ತಿಂಗಳು ಗುಂಡುಕಲ್ಲಿನ ಗುಣಗಾನ ಮಾಡಿದರು. ಎದುರಾಡುವವರಿಲ್ಲ. “ಗುಂಡುಕಲ್ಲು ದೊಡ್ಡವನು” ಎಂದರೆ ಬೆಂಚಿನವರೆಲ್ಲ “ಹೌದು ಸಾಬ್ರೇ” ಅನ್ನುತ್ತಿದ್ದರು. ಒಂದು ದಿನ ಬೇಸತ್ತು, “ಇದೇನು ಬೇಟಾ, ಸಪ್ಪೆ ಸಾರು ಕುಡಿದ ಹಾಗಾಯ್ತು. ಆ ಕುರುಬನನ್ನ ಕರಕೊಂಡು ಬಾ. ನನ್ನವನು ಎಮ್ಮೆ ಅಂತ ಅವನ ಬಾಯಲ್ಲಿ ಒಂದು ಸಲ ಕೇಳಬೇಕು” ಅಂದರು. ಆಮೇಲಾಮೇಲೆ ತಾವೇ ಎರಡೂ ಕಡೆ ವಾದಿಸತೊಡಗಿದರು. ಟಗರಿನ ಉದಾಹರಣೆ ಕೊಡಲು ಹೋಗಿ, ಟಗರಿಗೂ ಹೋತಕ್ಕೂ ಗೊಂದಲ ಮಾಡಿಕೊಂಡು, ನಡುವೆಯೇ ನಿಲ್ಲಿಸಿ ಕತ್ತರಿ ಎತ್ತಿಕೊಳ್ಳುತ್ತಿದ್ದರು.

ಇಷ್ಟೆಲ್ಲ ನೋಡಿದರೂ ನನ್ನ ಮನಸ್ಸಾಕ್ಷಿ ಎದ್ದು ಹೊರಡಲಿಲ್ಲ. ಕೊನೆಗೆ ಅದನ್ನು ಎಬ್ಬಿಸಿದ್ದು ಧರ್ಮವಲ್ಲ, ಮತ್ಸರ. ಒಂದು ವರ್ಷ ಕಳೆದ ಮೇಲೆ ನರಸಿಂಹಲು ಟೀ ಇಡುತ್ತ, “ಸಾಮೀ, ಸಣ್ಣೀರಣ್ಣ ರೇಡಿಯೋ ರಿಪೇರಿಕಿ ಕೊರಟಗೆರೆಗೆ ಹೋಗಿದ್ದನಂತೆ. ಅಕ್ಕಡ ಎವರೋ ಹೊಸದಾಗಿ ಅಂಗಡಿ ಇಟ್ಟವ್ರೆ” ಅಂದ. ಕಂಬಳಿಯ ಮೇಲೆ ಸುಳ್ಳು ಹೇಳಿ ನೆಮ್ಮದಿಯಾಗಿ ಉಂಡು ಮಲಗಿದವನಿಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಆ ಟ್ರಾನ್ಸಿಸ್ಟರಿನ ಕರುಳು ಕರುಳೂ ನನಗೆ ಗೊತ್ತು. ಯಾವನೋ ಕೊರಟಗೆರೆಯವನು ಅದರ ಹೊಟ್ಟೆ ಬಿಚ್ಚುವುದೇ? ಹೆಂಡತಿಯ ಮುಂದೆ ಎಲ್ಲ ಬಾಯಿಬಿಟ್ಟೆ. ಅವಳು ಪೂರ್ತಿ ಕೇಳಿ, “ಆ ಫೋಟೋ ನಿಮ್ಮ ಜೇಬಲ್ಲಿತ್ತು. ಒಗೆಯುವಾಗ ಸಿಕ್ಕಿತು, ಟ್ರಂಕಿನಲ್ಲಿ ಇಟ್ಟಿದ್ದೀನಿ. ಯಾವಾಗ ಕೇಳ್ತೀರೋ ಅಂತ ಕಾಯ್ತಿದ್ದೆ” ಅಂದಳು.

ಫೋಟೋ ಹಿಡಿದು ಚನ್ನರಾಯನದುರ್ಗದ ಕಡೆಯ ಬಸ್ಸು ಹತ್ತಿದೆ. ಬಸ್ಸು ಇಳಿದು ಎರಡು ಮೈಲಿ ನಡೆದ ಮೇಲೆ, ಬೆಟ್ಟದ ತಪ್ಪಲಿನ ಹೊಂಗೆ ಮರದ ಕೆಳಗೆ ಸಣ್ಣೀರಣ್ಣ ಕಂಡ. ಕುರಿಗಳು ಮಧ್ಯಾಹ್ನದ ಬಿಸಿಲಿಗೆ ಒಂದರ ಹೊಟ್ಟೆಯಡಿ ಒಂದು ತಲೆ ತೂರಿಸಿ ನಿಂತಿದ್ದವು. ಟ್ರಾನ್ಸಿಸ್ಟರು ಕೊಂಬೆಯಲ್ಲಿ ನೇತಾಡುತ್ತಿತ್ತು. ನಾನೇ ಮೊದಲು ಮಾತಾಡಬೇಕೆಂದುಕೊಂಡೆ, ಅವನೇ, “ಯಾಕ್ಲಾ ಮಗ ಇಷ್ಟು ಸೊರಗಿದೀಯ?” ಅಂದ. ಫೋಟೋ ಕೊಟ್ಟು ಎಲ್ಲ ಹೇಳಿದೆ. ಇಂಗ್ಲಿಷ್ ಬರುವುದಿಲ್ಲ ಎಂಬುದನ್ನೂ ಹೇಳಿದೆ. ಎಲ್ಲಕ್ಕಿಂತ ಅದೇ ಕಷ್ಟವಾಯಿತು.

ಸಣ್ಣೀರಣ್ಣ ಫೋಟೋವನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದ. “ಹಂಗಾರೆ ನಮ್ಮೋನೇ ಗೆದ್ದವ್ನೆ” ಅಂದ. ಬೈಗುಳಕ್ಕೆ ಕಾದು ತಲೆ ತಗ್ಗಿಸಿದೆ. ಅವನು ಯೋಚಿಸುತ್ತಿದ್ದದ್ದೇ ಬೇರೆ. “ಈಗ ಇದ್ನ ಹೇಳಿದ್ರೆ ಸಾಬ್ರು ಬೆಂಚು ಬುಟ್ಟು ಏಳ್ಬೇಕಾಯ್ತದೆ. ಆವಯ್ಯ ಅಲ್ಲಿ ಬುಟ್ರೆ ಇನ್ನೆಲ್ಲಿ ಕುಂತ್ಕತಾನೆ? ಹೇಳ್ಬ್ಯಾಡ. ಬೆಂಚಿನ ಮ್ಯಾಲೆ ಕುಂತ್ಕಳಕಿಲ್ಲ ಅಂದಿದ್ದೆ. ಜಗುಲಿ ಮ್ಯಾಲೆ ಕುಂತ್ಕಳಕಿಲ್ಲ ಅಂದ್ನಾ? ಇಲ್ವಲ್ಲ. ಕೆಳಗೆ ಕುಂತ್ಕತೀನಿ ಬುಡು.” ಇಷ್ಟು ಸುಲಭದ ದಾರಿ ಒಂದು ವರ್ಷ ನನಗೇಕೆ ಹೊಳೆಯಲಿಲ್ಲವೋ. ನನಗೆ ಇಂಗ್ಲಿಷಿನಲ್ಲಿ ಮೂವತ್ತೈದು ಕೊಟ್ಟವರು ನ್ಯಾಯವಾಗಿಯೇ ಕೊಟ್ಟಿದ್ದರು. ಬುದ್ಧಿಗೆ ಬೇರೆ ಪರೀಕ್ಷೆ ಇಟ್ಟಿದ್ದರೆ ಅಷ್ಟೂ ಬರುತ್ತಿರಲಿಲ್ಲ.

“ಅದಿರ್ಲಿ. ನಮ್ಮೋನು ಗೆದ್ದಿದ್ದು ಹೆಂಗೆ?” ಅಂದ ಸಣ್ಣೀರಣ್ಣ. ಕಂಬಳಿ ಹಾಸಿದ. “ಕುಂತ್ಕ. ಈಗ ಸರ್ಯಾಗಿ ಹೇಳು. ಒಂದ್ನೇ ಸುತ್ತಿಂದ.”

ಕೂತೆ. “ಗಂಟೆ ಹೊಡೀತು” ಅಂದೆ.

“ಆಮ್ಯಾಕೆ?”

“ಗೊತ್ತಿಲ್ಲ ಅಣ್ಣ.”

“ಎಲ್ಡ್ನೇದು?”

“ಗೊತ್ತಿಲ್ಲ.”

ಮೂರು, ನಾಲ್ಕು, ಐದು. ಒಂದೊಂದಕ್ಕೂ ಅವನು ಅದೇ ಆಸೆಯಿಂದ ಮುಂದಕ್ಕೆ ಬಾಗಿ ಕೇಳುತ್ತಿದ್ದ, ಒಂದೊಂದಕ್ಕೂ ನಾನು ಅದೇ ಉತ್ತರ ಕೊಟ್ಟೆ. ಜೀವಮಾನದಲ್ಲಿ ಒಟ್ಟು ಹೇಳಿದ್ದಕ್ಕಿಂತ ಹೆಚ್ಚು ಸಲ ಆ ಮಾತನ್ನು ಆ ಕಾಲು ಗಂಟೆಯಲ್ಲಿ ಹೇಳಿದೆ. ಹೇಳುತ್ತ ಹೇಳುತ್ತ ನನ್ನ ಎದೆ ಹಗುರವಾಯಿತು, ಅವನ ಮುಖ ಬಾಡಿತು. ಒಂದು ವರ್ಷದ ಮೇಲೆ ತನ್ನವನು ಗೆದ್ದ ಸುದ್ದಿ ಬಂದಿದೆ. ಗೆದ್ದದ್ದು ಹೇಗೆ ಎಂದು ಹೇಳುವವರಿಲ್ಲ. ಆರನೆಯದೂ ಹಾಗೆಯೇ ಹೋಯಿತು. ಏಳನೆಯದಕ್ಕೆ ನನಗೆ ತಡೆಯಲಾಗಲಿಲ್ಲ.

“ಏಳನೇ ಸುತ್ತಿನಲ್ಲಿ ಮಾತ್ರ ನಿಮ್ಮವನು ಒಂದೇ ಸಮನೆ ಹತ್ತು ಹೆಜ್ಜೆ ಹಿಂದಕ್ಕೆ...”

ಸಣ್ಣೀರಣ್ಣ ಕೈಯೆತ್ತಿದ. “ಲೇ ಮಗ, ಇದು ನಿಂಗೆ ಗೊತ್ತಾ?”

“ಇಲ್ಲ.”

“ಹಂಗಾರೆ ಕಂಬಳಿಯಿಂದ ಇಳಿ.”

ನಾಚಿಕೆಯಿಂದ ಎದ್ದು ಚಪ್ಪಲಿಗೆ ಕಾಲು ಹಾಕಿದೆ. ಅವನು ನನ್ನ ಪಂಚೆಯ ಅಂಚು ಹಿಡಿದೆಳೆದು, ತನ್ನೆದುರಿನ ಬರಿಯ ಮಣ್ಣನ್ನು ಅಂಗೈಯಿಂದ ಸವರಿದ. “ಎಲ್ಲಿಗೋಯ್ತೀಯ? ಇಲ್ಲಿ ಕುಂತ್ಕ. ಈಗ ಹೇಳು. ಹತ್ತೆಜ್ಜೆ ಹಿಂದುಕ್ಕೋದ. ಆಮ್ಯಾಕೆ?”

ಮಣ್ಣಿನ ಮೇಲೆ ಕೂತೆ. ಏಳು ಮುಗಿಸಿದೆ, ಎಂಟು ಮುಗಿಸಿದೆ, ಒಂಬತ್ತೂ ಮುಗಿಯಿತು. ಆ ಪಂದ್ಯ ಒಂಬತ್ತಕ್ಕೇ ನಿಂತದ್ದು ನನಗೆ ಗೊತ್ತು. ಬೀಜ ಇಟ್ಟು ಎಣಿಸಿದ ಅವನಿಗೂ ಗೊತ್ತು. ನಾನು ಹತ್ತನೆಯದನ್ನು ಶುರುಮಾಡಿದೆ. ಅವನು ಎಲೆಯಡಿಕೆಯ ಚೀಲ ಬಿಚ್ಚಿ ನನ್ನ ಕಡೆಗೆ ತಳ್ಳಿದ. ತಪ್ಪೊಪ್ಪಿಕೊಂಡು ಮಧ್ಯಾಹ್ನದ ಬಸ್ಸಿಗೇ ವಾಪಸಾಗಬೇಕೆಂದು ಬಂದವನು, ಹದಿನೈದು ಸುತ್ತೂ ಮುಗಿಸಿ ಮಣ್ಣು ಕೊಡವಿಕೊಂಡು ಎದ್ದೆ.